‘ಬರೆದಾಯಿತು’ ಎಂದವರು ಯಾರು? ಕರೆಂಟು ಹೋದ ಮೇಲೆ ಡಿಸ್ಕ್ ಅರೇಯ ದೋಷ ಹುಡುಕುವ ಬಗೆ

ನಾಲ್ಕು ಡಿಸ್ಕ್‌ಗಳ ರೇಡ್ 5 ಅರೇ, ಅಂದರೆ ಒಂದು ಡಿಸ್ಕ್ ಹೋದರೂ ಅದರ ಡೇಟಾವನ್ನು ಉಳಿದವುಗಳಿಂದ ಲೆಕ್ಕ ಹಾಕಿ ಪಡೆಯುವಂತೆ ಒಂದಾಗಿ ಜೋಡಿಸಿದ ಗುಂಪು, ಲಿನಕ್ಸ್‌ನ ಎಂಡಿ ತಂತ್ರಾಂಶದಲ್ಲಿ ಕಟ್ಟಿದ್ದು. ರಾತ್ರಿ ದೊಡ್ಡದೊಂದು ನಕಲು ಕೆಲಸ ನಡೆಯುತ್ತಿದ್ದಾಗ ಕರೆಂಟು ಹೋಯಿತು. ಬಂದ ಮೇಲೆ ಮೂರು ಡಿಸ್ಕ್‌ಗಳು ತಿರುಗಿದವು. ವಯಸ್ಸಾಗಿದ್ದ ನಾಲ್ಕನೆಯದು ಎರಡು ಸಲ ಟಕ್ ಟಕ್ ಎಂದು ಸುಮ್ಮನಾಯಿತು. ಯಂತ್ರ ಎದ್ದಿತು, ಅರೇ ಏಳಲಿಲ್ಲ. ‘ಡರ್ಟಿ ಡಿಗ್ರೇಡೆಡ್’ (ಬರಹ ಅರ್ಧಕ್ಕೆ ನಿಂತ, ಡಿಸ್ಕ್ ಒಂದು ಕಡಿಮೆಯಿರುವ) ಅರೇಯನ್ನು ಶುರು ಮಾಡಲಾಗದು ಎಂದು ಕರ್ನಲ್ (ಲಿನಕ್ಸ್‌ನ ತಿರುಳು) ಬರೆಯುವ ಲಾಗ್‌ನಲ್ಲಿ ಒಂದೇ ಸಾಲು. ನಾನು ಆಗ ಹೊಸಬ. ರೇಡ್ 5ರಲ್ಲಿ ಒಂದು ಡಿಸ್ಕ್ ಹೋದರೂ ಚಿಂತೆಯಿಲ್ಲ ಎಂದು ಓದಿಕೊಂಡಿದ್ದವನು ‘ಫೋರ್ಸ್’ ಆಯ್ಕೆ ಕೊಟ್ಟು ಎಬ್ಬಿಸಿದೆ. ಎದ್ದಿತು. ಹೊಸ ಡಿಸ್ಕ್ ಹಾಕಿದೆ, ಮರುನಿರ್ಮಾಣವೂ ಮುಗಿಯಿತು. ಮೂರು ವಾರದ ನಂತರ ಯಾರೋ ಹಳೆಯ ಕಡತವೊಂದನ್ನು ತೆರೆದರೆ ಒಳಗೆ ಬರೀ ಕಸ. ಆ ರಾತ್ರಿ ಅದನ್ನು ಯಾರೂ ಬರೆದಿರಲಿಲ್ಲ, ಓದಿಯೂ ಇರಲಿಲ್ಲ.

ಮುಟ್ಟದ ಕಡತ ಹೇಗೆ ಕೆಟ್ಟಿತು ಎಂಬುದು ತಿಳಿದರೆ ಉಳಿದ ಪತ್ತೆ ಕೆಲಸ ಅರ್ಧ ಮುಗಿದಂತೆ. ಅಲ್ಲಿಂದಲೇ ಹೊರಡುತ್ತೇನೆ.

ಬರಹದ ತೂತು

ಮೂರು ಡಿಸ್ಕ್‌ಗಳ ಪುಟ್ಟ ಅರೇಯನ್ನು ಊಹಿಸಿಕೊಳ್ಳಿ. ಒಂದು ಸ್ಟ್ರೈಪ್‌ನಲ್ಲಿ, ಅಂದರೆ ಎಲ್ಲ ಡಿಸ್ಕ್‌ಗಳ ಮೇಲೆ ಅಡ್ಡಲಾಗಿ ಹರಡಿದ ಒಂದು ಪಟ್ಟಿಯಲ್ಲಿ, ಮೊದಲ ಡಿಸ್ಕ್‌ನ ಪಾಲು 0101, ಎರಡನೆಯದರ ಪಾಲು 0011. ಮೂರನೆಯದರಲ್ಲಿ ಇವೆರಡರ ಪ್ಯಾರಿಟಿ: ಒಂದೇ ಸ್ಥಾನದ ಬಿಟ್‌ಗಳು ಬೇರೆ ಬೇರೆಯಿದ್ದರೆ 1, ಒಂದೇ ಆಗಿದ್ದರೆ 0. ಹಾಗಾಗಿ 0110. ಈಗ ಮೊದಲ ಡಿಸ್ಕ್‌ಗೆ 1100 ಎಂದು ಬರೆಯಬೇಕಾಗಿದೆ. ಅದರ ಜೊತೆಗೆ ಪ್ಯಾರಿಟಿಯೂ 1111 ಆಗಬೇಕು. ಡಿಸ್ಕ್ ಎರಡು, ಬರಹವೂ ಎರಡು. ಎರಡೂ ಒಂದೇ ಕ್ಷಣಕ್ಕೆ ಮುಗಿಯುತ್ತವೆ ಎಂದು ಯಾರೂ ಮಾತು ಕೊಟ್ಟಿಲ್ಲ. 1100 ಬಿತ್ತು, 1111 ಬೀಳುವ ಮುನ್ನ ಕರೆಂಟು ಹೋಯಿತು. ಪ್ಯಾರಿಟಿ ಹಳೆಯ 0110 ಆಗಿಯೇ ಉಳಿಯಿತು.

ಈಗ ಎರಡನೆಯ ಡಿಸ್ಕ್ ಸತ್ತಿತು ಎನ್ನಿ. ಅದರಲ್ಲಿದ್ದದ್ದನ್ನು ಉಳಿದ ಎರಡರಿಂದ ಲೆಕ್ಕ ಹಾಕಿದರೆ 1100 ಮತ್ತು 0110 ಸೇರಿ 1010 ಬರುತ್ತದೆ. ಅಲ್ಲಿ ಇದ್ದದ್ದು 0011. ಎರಡನೆಯ ಡಿಸ್ಕ್‌ನ ಆ ಜಾಗವನ್ನು ಆ ರಾತ್ರಿ ಯಾರೂ ಮುಟ್ಟಿರಲಿಲ್ಲ, ಆದರೂ ಅದೇ ಹಾಳಾಯಿತು. ನೆರೆಮನೆಯವನ ಬರಹ ಅರ್ಧಕ್ಕೆ ನಿಂತಿದ್ದಕ್ಕೆ ದಂಡ ತೆತ್ತದ್ದು ಇದು. ಬಲ್ಲವರು ಇದನ್ನು ‘ರೈಟ್ ಹೋಲ್’ ಎನ್ನುತ್ತಾರೆ. ನಾನು ಬರಹದ ತೂತು ಎನ್ನುತ್ತೇನೆ.

ಎಲ್ಲ ಡಿಸ್ಕ್‌ಗಳೂ ಬದುಕಿದ್ದರೆ ಈ ತೂತು ತಾನೇ ಮುಚ್ಚುತ್ತದೆ. ಯಂತ್ರ ಎದ್ದ ಕೂಡಲೇ ರೀಸಿಂಕ್ ನಡೆದು, ಇರುವ ಡೇಟಾದಿಂದ ಪ್ಯಾರಿಟಿಯನ್ನು ಹೊಸದಾಗಿ ಲೆಕ್ಕ ಹಾಕಿ ಬರೆಯುತ್ತದೆ. ಕೇಡು ಇರುವುದು ಕರೆಂಟು ಹೋಗುವುದು ಮತ್ತು ಡಿಸ್ಕ್ ಸಾಯುವುದು ಒಟ್ಟಿಗೇ ಬಂದಾಗ. ಅಪರೂಪದ ಜೋಡಿ ಎಂದು ಪುಸ್ತಕಗಳು ಸಮಾಧಾನ ಹೇಳುತ್ತವೆ. ನನಗೆ ಆ ಸಮಾಧಾನ ಒಪ್ಪಿಗೆಯಿಲ್ಲ. ವರ್ಷಗಟ್ಟಲೆ ನಿಲ್ಲದೆ ತಿರುಗಿದ ಡಿಸ್ಕ್ ಮತ್ತೆ ತಿರುಗಲು ಹಟ ಮಾಡುವುದು ಒಮ್ಮೆ ನಿಂತು ತಣ್ಣಗಾದ ಮೇಲೆಯೇ. ಈ ಎರಡು ಅಪಘಾತಗಳು ಕೈ ಕೈ ಹಿಡಿದೇ ಬರುತ್ತವೆ.

ರೇಡ್ 6ಕ್ಕೂ ಈ ತೂತು ಇದೆ. ಪ್ಯಾರಿಟಿ ಎರಡಾದರೆ ಒಟ್ಟಿಗೆ ಮುಗಿಯಬೇಕಾದ ಬರಹ ಮೂರಾಗುತ್ತದೆ, ಅಷ್ಟೇ. ರೇಡ್ 1 ಮತ್ತು 10ರಲ್ಲಿ ಪ್ಯಾರಿಟಿಯ ಬದಲು ಅದೇ ಡೇಟಾದ ಪ್ರತಿಗಳಿರುವುದರಿಂದ ಮುಟ್ಟದ ಕಡತಕ್ಕೆ ಅಪಾಯವಿಲ್ಲ. ಆದರೆ ಒಂದು ಪ್ರತಿಯಲ್ಲಿ ಹೊಸದು, ಇನ್ನೊಂದರಲ್ಲಿ ಹಳೆಯದು ಉಳಿದಿರಬಹುದು. ಬರಹ ಮುಗಿದಿಲ್ಲವಾದ್ದರಿಂದ ಎರಡೂ ತಪ್ಪಲ್ಲ. ಒಮ್ಮೆ ಓದಿದಾಗ ಒಂದು, ಮತ್ತೊಮ್ಮೆ ಓದಿದಾಗ ಇನ್ನೊಂದು ಬಂದರೆ ಅದು ತಪ್ಪು. ರೀಸಿಂಕ್ ಆಗುವುದು ಅದಕ್ಕೇ.

ಮೊದಲ ಅರ್ಧ ಗಂಟೆ

ಏನನ್ನೂ ಬರೆಯಬೇಡಿ. ಫೈಲ್ ಸಿಸ್ಟಂ ದುರಸ್ತಿಯ ಆಜ್ಞೆಗೆ ಕೈ ಹಾಕಬೇಡಿ. ನೋಡಲೇಬೇಕೆಂದರೆ ಏನನ್ನೂ ಬದಲಿಸದೆ ತಪ್ಪುಗಳನ್ನು ಮಾತ್ರ ತೋರಿಸುವ ಆಯ್ಕೆ ಕೊಡಿ. ಅರೇಯನ್ನು ಮತ್ತೆ ‘ಕ್ರಿಯೇಟ್’ ಮಾಡಿದರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಅವರನ್ನು ಕೀಬೋರ್ಡಿನಿಂದ ದೂರ ಕೂರಿಸಿ.

ಅರೇಯ ಸ್ಥಿತಿ ತೋರಿಸುವ ಎಂಡಿಸ್ಟ್ಯಾಟ್ ಕಡತದ ಪ್ರತಿ, ಎಂಡಿಯನ್ನು ನಡೆಸುವ ಎಂಡಿಎಡಿಎಂ ಆಜ್ಞೆಯಿಂದ ಅರೇಯ ವಿವರ, ಅದರ ‘ಎಕ್ಸಾಮಿನ್’ ಆಯ್ಕೆಯಿಂದ ಪ್ರತಿಯೊಂದು ಡಿಸ್ಕ್‌ನ ತಲೆಬರಹ (ಅರೇಯ ಬಗ್ಗೆ ಡಿಸ್ಕ್‌ನಲ್ಲೇ ಬರೆದಿಟ್ಟ ವಿವರ), ಕರ್ನಲ್ ಲಾಗ್, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿ, ಇಷ್ಟನ್ನೂ ಬೇರೊಂದು ಯಂತ್ರಕ್ಕೆ ಎತ್ತಿಡಿ. ಡಿಸ್ಕ್‌ನ ತಲೆಬರಹದಲ್ಲಿ ‘ಈವೆಂಟ್ಸ್’ ಎಂಬ ಒಂದು ಎಣಿಕೆ ಇರುತ್ತದೆ. ಅರೇಯ ಸ್ಥಿತಿ ಬದಲಾದಾಗಲೆಲ್ಲ ಎಲ್ಲ ಡಿಸ್ಕ್‌ಗಳಲ್ಲೂ ಅದು ಏರುತ್ತದೆ. ನಾಲ್ಕರಲ್ಲೂ ಒಂದೇ ಸಂಖ್ಯೆಯಿದ್ದರೆ ನಾಲ್ಕೂ ಒಂದೇ ಗಳಿಗೆಯಲ್ಲಿ ಆರಿದವು ಎಂದು ಅರ್ಥ. ಒಂದರಲ್ಲಿ ಮಾತ್ರ ತುಂಬ ಹಿಂದಿದ್ದರೆ ಆ ಡಿಸ್ಕ್ ಕರೆಂಟು ಹೋಗುವ ಮೊದಲೇ ಹೊರಬಿದ್ದಿತ್ತು, ನೀವು ನೋಡಿರಲಿಲ್ಲ. ಹಾಗೆ ಹಿಂದುಳಿದ ಡಿಸ್ಕ್‌ನ ಡೇಟಾ ಹಳೆಯದು. ಅದನ್ನು ಬಲವಂತವಾಗಿ ಒಳಗೆ ಸೇರಿಸಿದರೆ ವಾರದ ಹಿಂದಿನ ಹಾಳೆಗಳನ್ನು ಇವತ್ತಿನ ಪುಸ್ತಕಕ್ಕೆ ಹೊಲಿದಂತೆ.

ನಿಜಕ್ಕೂ ಹೋದದ್ದು ಕರೆಂಟೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಸ್ಮಾರ್ಟ್ ವರದಿಯಲ್ಲಿ 12ನೆಯ ಅಂಶ ಡಿಸ್ಕ್‌ಗೆ ಎಷ್ಟು ಸಲ ಕರೆಂಟು ಬಂದಿದೆ ಎಂಬ ಲೆಕ್ಕ. ಎನ್‌ವಿಎಂಇ ಡಿಸ್ಕ್‌ಗಳಲ್ಲಿ ಹೇಳದೆ ಕೇಳದೆ ಆರಿದ ಸಲಗಳ ಲೆಕ್ಕ ‘ಅನ್‌ಸೇಫ್ ಶಟ್‌ಡೌನ್ಸ್’ ಎಂಬ ಹೆಸರಿನಲ್ಲಿ ಬೇರೆಯಾಗಿಯೇ ಇರುತ್ತದೆ. ಈ ಎಣಿಕೆಗಳು ಏರದೆ ಯಂತ್ರ ಮಾತ್ರ ಮತ್ತೆ ಶುರುವಾಗಿದ್ದರೆ ಅದು ಕರ್ನಲ್ ಕುಸಿತ ಅಥವಾ ರೀಸೆಟ್. ಈ ವ್ಯತ್ಯಾಸಕ್ಕೆ ಬೆಲೆಯಿದೆ. ಕರ್ನಲ್ ಕುಸಿದಾಗ ಡಿಸ್ಕ್‌ಗೆ ಕರೆಂಟು ಇದ್ದೇ ಇರುತ್ತದೆ, ತನ್ನ ಕ್ಯಾಶ್‌ನಲ್ಲಿ, ಅಂದರೆ ಬರೆಯುವ ಮುನ್ನ ಡೇಟಾ ತಂಗುವ ತಾತ್ಕಾಲಿಕ ಮೆಮೊರಿಯಲ್ಲಿ, ಇದ್ದದ್ದನ್ನು ಅದು ನಿಧಾನವಾಗಿ ಬರೆದು ಮುಗಿಸುತ್ತದೆ. ಕರೆಂಟು ಹೋದಾಗ ಆ ಕ್ಯಾಶ್ ಮಾಯ. ಒಂದೇ ಡಿಸ್ಕ್‌ನ ಎಣಿಕೆ ಉಳಿದವುಗಳಿಗಿಂತ ಹೆಚ್ಚು ಏರಿದ್ದರೆ ಪೆಟ್ಟಿಗೆಯೊಳಗಿನ ವೈರಿನತ್ತ ನೋಡಿ. ಒಂದು ಕನೆಕ್ಟರ್‌ನಿಂದ ನಾಲ್ಕು ಡಿಸ್ಕ್‌ಗೆ ಕರೆಂಟು ಹಂಚುವ ಅಗ್ಗದ ಸ್ಪ್ಲಿಟರ್ ಸಡಿಲವಾದರೆ ಯಾವ ಯುಪಿಎಸ್‌ಗೂ ಅದು ಗೊತ್ತಾಗುವುದಿಲ್ಲ. 199ನೆಯ ಅಂಶವಾದ ಸಿಆರ್‌ಸಿ ದೋಷಗಳ (ಸಾಗಣೆಯಲ್ಲಿ ಡೇಟಾ ಕೆಟ್ಟದ್ದರ) ಎಣಿಕೆ ಏರುತ್ತಿದ್ದರೆ ಮೊದಲು ಡೇಟಾ ಕೇಬಲ್ ಬದಲಿಸಿ.

ಎಲ್ಲ ಡಿಸ್ಕ್ ಇದ್ದು ರೀಸಿಂಕ್ ನಡೆಯುತ್ತಿದ್ದರೆ

ಬಿಟ್ಟುಬಿಡಿ. ಹೊಸ ಬರಹ ಆದಷ್ಟು ಕಡಿಮೆ ಮಾಡಿ ಕಾಯಿರಿ. 4 ಟೆರಾಬೈಟ್ ಡಿಸ್ಕ್‌ನಲ್ಲಿ ಸೆಕೆಂಡಿಗೆ 150 ಮೆಗಾಬೈಟ್ ವೇಗ ಸಿಕ್ಕರೂ ಪೂರ್ತಿ ರೀಸಿಂಕ್‌ಗೆ ಸುಮಾರು ಏಳೂವರೆ ಗಂಟೆ ಬೇಕು. ರೈಟ್ ಇಂಟೆಂಟ್ ಬಿಟ್‌ಮ್ಯಾಪ್ ಇದ್ದರೆ ಕೆಲವೇ ನಿಮಿಷ, ಏಕೆಂದರೆ ಬರಹ ನಡೆಯುತ್ತಿದ್ದ ತುಂಡುಗಳನ್ನು ಮಾತ್ರ ಅದು ಗುರುತಿಟ್ಟುಕೊಂಡಿರುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆ ಬೇರೂರಿದೆ. ಬಿಟ್‌ಮ್ಯಾಪ್ ಹಾಕಿದ್ದೇನೆ, ತೂತು ಮುಚ್ಚಿದೆ ಎನ್ನುವವರು ಬಹಳ. ಬಿಟ್‌ಮ್ಯಾಪ್ ಹೇಳುವುದು ಎಲ್ಲಿ ಅನುಮಾನ ಎಂಬುದನ್ನು. ಅಲ್ಲಿ ಏನಿರಬೇಕಿತ್ತು ಎಂಬುದು ಅದಕ್ಕೆ ತಿಳಿಯದು. ಡಿಸ್ಕ್ ಒಂದು ಇಲ್ಲದಿದ್ದಾಗ ಎಲ್ಲಿ ಎಂದು ತಿಳಿದು ಮಾಡುವುದೇನು? ಆದರೂ ಅದನ್ನು ಹಾಕಿಡಿ. ರೀಸಿಂಕ್ ಏಳು ಗಂಟೆಯ ಬದಲು ಐದು ನಿಮಿಷದಲ್ಲಿ ಮುಗಿದರೆ ಅಪಾಯದ ಹೊತ್ತೂ ಅಷ್ಟೇ ಕಿರಿದಾಗುತ್ತದೆ.

‘ಡರ್ಟಿ ಡಿಗ್ರೇಡೆಡ್’ ಎಂದರೆ

ನಾನು ಎಡವಿದ್ದು ಇಲ್ಲಿ. ಅರೇ ಏಳದಿರುವುದು ದೋಷವಲ್ಲ, ಎಚ್ಚರಿಕೆ. ‘ಪ್ಯಾರಿಟಿಯನ್ನು ನಂಬಲಾರೆ, ಅದನ್ನು ಬಿಟ್ಟರೆ ಲೆಕ್ಕ ಹಾಕಲು ನನ್ನ ಬಳಿ ಬೇರೇನೂ ಇಲ್ಲ’ ಎಂದು ಎಂಡಿ ಪ್ರಾಮಾಣಿಕವಾಗಿ ಹೇಳುತ್ತಿದೆ.

ಮೊದಲ ಪ್ರಯತ್ನ ಸತ್ತ ಡಿಸ್ಕ್‌ನ ಮೇಲೆಯೇ ಆಗಬೇಕು. ಬೇರೆ ಕೇಬಲ್, ಬೇರೆ ಪೋರ್ಟ್, ಬೇರೆ ಯಂತ್ರದ ಪವರ್ ಸಪ್ಲೈ ಕೊಟ್ಟು ನೋಡಿ. ಅದು ಒಮ್ಮೆ ತಿರುಗಿದರೂ ಸಾಕು, ಅರೇಗೆ ಸೇರಿಸುವ ಮೊದಲು ಡಿಡಿರೆಸ್ಕ್ಯೂ ಬಳಸಿ ಇಡೀ ಡಿಸ್ಕ್ ಅನ್ನು ಹೊಸದೊಂದಕ್ಕೆ ನಕಲು ಮಾಡಿಕೊಳ್ಳಿ. ಈವೆಂಟ್ಸ್ ಎಣಿಕೆ ಉಳಿದವುಗಳ ಜೊತೆ ಹೊಂದಿದರೆ ಆ ನಕಲೇ ನಿಮ್ಮ ನಾಲ್ಕನೆಯ ಡಿಸ್ಕ್. ಅರೇ ಪೂರ್ತಿ ಎದ್ದು ರೀಸಿಂಕ್ ಆಗುತ್ತದೆ, ತೂತಿನ ಮಾತೇ ಇಲ್ಲ. ನನ್ನ ಟಕ್ ಟಕ್ ಡಿಸ್ಕ್ ಆಮೇಲೆ ಬೇರೆ ಯಂತ್ರದಲ್ಲಿ ಸಲೀಸಾಗಿ ತಿರುಗಿತು. ಅಷ್ಟರಲ್ಲಿ ಮರುನಿರ್ಮಾಣ ಮುಗಿಸಿ ಕೂತಿದ್ದೆ.

ಡಿಸ್ಕ್ ನಿಜವಾಗಿಯೂ ಸತ್ತಿದ್ದರೆ ಬಲವಂತವಾಗಿ ಎಬ್ಬಿಸದೆ ದಾರಿಯಿಲ್ಲ. ಆದರೆ ನೇರವಾಗಿ ಬೇಡ. ಡಿವೈಸ್ ಮ್ಯಾಪರ್‌ನ ಸ್ನ್ಯಾಪ್‌ಶಾಟ್ ಸೌಲಭ್ಯದಿಂದ ಪ್ರತಿ ಡಿಸ್ಕ್‌ನ ಮೇಲೂ ಒಂದು ಪದರ ಹೊದಿಸಿದರೆ ಬರಹವೆಲ್ಲ ಆ ಪದರಕ್ಕೆ ಹೋಗುತ್ತದೆ, ಅಸಲು ಡಿಸ್ಕ್ ಹಾಗೆಯೇ ಉಳಿಯುತ್ತದೆ. ಅದರ ಮೇಲೆ ಅರೇಯನ್ನು ಎಬ್ಬಿಸಿ, ಓದಲು ಮಾತ್ರ ಮೌಂಟ್ ಮಾಡಿ. ಬಿಟ್‌ಮ್ಯಾಪ್ ಇದ್ದಿದ್ದರೆ ಅದರ ಸಾರಾಂಶದಲ್ಲಿ ಎಷ್ಟು ತುಂಡುಗಳು ‘ಡರ್ಟಿ’ ಎಂಬ ಎಣಿಕೆ ಸಿಗುತ್ತದೆ. ಹಾನಿಯ ಗಾತ್ರದ ಅಂದಾಜು ಅದು. ಆಮೇಲೆ ಬ್ಯಾಕಪ್‌ನ ಜೊತೆ ಕಡತಗಳ ಚೆಕ್‌ಸಮ್ (ಒಳಗಿನದರಿಂದ ಲೆಕ್ಕ ಹಾಕಿದ ಗುರುತುಸಂಖ್ಯೆ) ಹೋಲಿಸಿ. ಇತ್ತೀಚೆಗೆ ಬದಲಾದ ಕಡತಗಳನ್ನು ಮಾತ್ರ ನೋಡಿದರೆ ಸಾಲದು. ಕೆಡುವುದು ಮುಟ್ಟದ್ದೇ ಎಂದು ಮೇಲೆ ನೋಡಿದೆವಲ್ಲ.

ಅರೇ ಸರಿಯಿದೆ, ಡೇಟಾಬೇಸ್ ಕೆಟ್ಟಿದೆ

ಇದು ಬೇರೆಯೇ ರೋಗ. ಇಲ್ಲಿ ಯಾರೋ ಸುಳ್ಳು ಹೇಳಿದ್ದಾರೆ.

ಡೇಟಾಬೇಸ್ ಒಂದು ವಹಿವಾಟನ್ನು ಮುಗಿಸುವಾಗ ಎಫ್‌ಸಿಂಕ್ ಎಂದು ಕರೆಯುತ್ತದೆ; ‘ಬರೆದಾಯಿತು’ ಎಂಬ ಉತ್ತರ ಬರುವ ತನಕ ಕಾಯುತ್ತದೆ. ಆ ಕರೆ ಫೈಲ್ ಸಿಸ್ಟಂ, ಅರೇ, ಕಂಟ್ರೋಲರ್ ದಾಟಿ ಡಿಸ್ಕ್ ತಲುಪಿ, ಡಿಸ್ಕ್ ತನ್ನ ಕ್ಯಾಶ್ ಖಾಲಿ ಮಾಡಿ, ಉತ್ತರ ಅದೇ ದಾರಿಯಲ್ಲಿ ಮೇಲೆ ಬರಬೇಕು. ನಡುವೆ ಯಾರೇ ಆಗಲಿ ಕೆಳಗೆ ಕೇಳದೆ ತಾವೇ ‘ಬರೆದಾಯಿತು’ ಎಂದುಬಿಟ್ಟರೆ ಕರೆಂಟು ಇರುವ ತನಕ ಎಲ್ಲವೂ ಚೆನ್ನ, ವೇಗವೂ ಸೊಗಸು.

ಹಾಗಾಗಿ ವೇಗವೇ ಸುಳಿವು. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಬರೆದು ಪ್ರತಿ ಸಲವೂ ಎಫ್‌ಸಿಂಕ್ ಮಾಡಿದರೆ, ಆ ಜಾಗ ತಲೆಯ ಕೆಳಗೆ ಮತ್ತೆ ಬರಲು ಒಂದು ಸುತ್ತು ಕಾಯಲೇಬೇಕು. ಸೆಕೆಂಡಿಗೆ 120ರ ಆಸುಪಾಸಿಗಿಂತ ಹೆಚ್ಚು ಸಾಧ್ಯವಿಲ್ಲ. ಹತ್ತು ಸಾಲಿನ ಪ್ರೋಗ್ರಾಂ ಬರೆದು ಅಳೆಯಿರಿ. 90 ಬಂದರೆ ನಂಬಬಹುದು. ಬ್ಯಾಟರಿಯ ಕಂಟ್ರೋಲರ್ ಇಲ್ಲದ, ಬರೀ ತಿರುಗುವ ಡಿಸ್ಕ್‌ನಲ್ಲಿ 4000 ಬಂದರೆ ಅದು ವೇಗವಲ್ಲ, ಸುಳ್ಳು.

ಸುಳ್ಳುಗಾರ ಯಾರು ಎಂದು ಮೇಲಿನಿಂದ ಕೆಳಕ್ಕೆ ಹುಡುಕಿ. ಫೈಲ್ ಸಿಸ್ಟಂ ಜೋಡಿಸುವ ಮೌಂಟ್ ಆಯ್ಕೆಗಳಲ್ಲಿ ಬ್ಯಾರಿಯರ್ ಅನ್ನು, ಅಂದರೆ ಡಿಸ್ಕ್‌ನ ಕ್ಯಾಶ್ ಖಾಲಿ ಮಾಡಿಸುವ ಏರ್ಪಾಡನ್ನು, ಬಂದ್ ಮಾಡಿದ್ದಾರೆಯೇ? ಎಕ್ಸ್‌ಟಿ4 ಫೈಲ್ ಸಿಸ್ಟಂನಲ್ಲಿ ಅದು ತಾನಾಗಿಯೇ ಚಾಲೂ ಇರುತ್ತದೆ, ಆದರೆ ವೇಗದ ಆಸೆಗೆ ಅದನ್ನು ಬಂದ್ ಮಾಡಿಟ್ಟ ಹಳೆಯ ಸಾಲುಗಳು ಸೆಟ್ಟಿಂಗ್ ಕಡತಗಳಲ್ಲಿ ವರ್ಷಗಟ್ಟಲೆ ಬದುಕುತ್ತವೆ. ಎಕ್ಸ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್ ಸಿಸ್ಟಂನವರು ಬಂದ್ ಮಾಡುವ ಆ ಆಯ್ಕೆಯನ್ನೇ ಕರ್ನಲ್ 4.19ರಲ್ಲಿ ಕಿತ್ತುಹಾಕಿದರು, ಒಳ್ಳೆಯದೇ ಆಯಿತು. ವರ್ಚುವಲ್ ಯಂತ್ರವಾದರೆ ಅದನ್ನು ಹೊತ್ತ ಕ್ಯೂಎಂಯು ತಂತ್ರಾಂಶದಲ್ಲಿ ಕ್ಯಾಶ್ ವಿಧಾನ ‘ಅನ್‌ಸೇಫ್’ ಆಗಿದೆಯೇ ನೋಡಿ, ಹೆಸರಿನಲ್ಲೇ ತಪ್ಪೊಪ್ಪಿಗೆಯಿದೆ. ಯುಎಸ್‌ಬಿ ಪೆಟ್ಟಿಗೆಯಲ್ಲಿರುವ ಡಿಸ್ಕ್‌ಗಳ ಅರೇ ಆದರೆ ಕ್ಯಾಶ್ ಖಾಲಿ ಮಾಡುವ ಆಜ್ಞೆಯನ್ನು ಮುಂದಕ್ಕೆ ಕಳಿಸದ ಸೇತುವೆ ಚಿಪ್‌ಗಳೂ ಇವೆ. ಕೊನೆಗೆ ಡಿಸ್ಕ್: ಎಚ್‌ಡಿಪಾರ್ಮ್ ಆಜ್ಞೆಯಿಂದ ಅದರ ಬರಹದ ಕ್ಯಾಶ್ ಬಂದ್ ಮಾಡಿ ಮತ್ತೆ ಅಳೆಯಿರಿ. ಸಂಖ್ಯೆ 4000ದಿಂದ 100ಕ್ಕೆ ಇಳಿದರೆ ಖಾಲಿ ಮಾಡುವ ಆಜ್ಞೆ ಎಲ್ಲೋ ದಾರಿ ತಪ್ಪುತ್ತಿತ್ತು ಎಂದು ಸಿದ್ಧವಾಯಿತು.

ಎಸ್‌ಎಸ್‌ಡಿಗಳಿಗೆ ಈ 120ರ ಲೆಕ್ಕ ಒಪ್ಪುವುದಿಲ್ಲ. ಅಲ್ಲಿ ನೋಡಬೇಕಾದದ್ದು ಕರೆಂಟು ಹೋದ ಮೇಲೂ ಕ್ಯಾಶ್ ಖಾಲಿ ಮಾಡುವಷ್ಟು ಹೊತ್ತು ಚಿಪ್‌ಗಳನ್ನು ಬದುಕಿಸುವ ಕೆಪಾಸಿಟರ್‌ಗಳು ಒಳಗೆ ಇವೆಯೇ ಎಂಬುದನ್ನು. ಸರ್ವರ್‌ಗೆಂದು ಮಾಡಿದವುಗಳಲ್ಲಿ ಸಾಮಾನ್ಯವಾಗಿ ಇರುತ್ತವೆ, ಮನೆಬಳಕೆಯವುಗಳಲ್ಲಿ ಬಹುತೇಕ ಇರುವುದಿಲ್ಲ. ಎಸ್‌ಎಸ್‌ಡಿ ತನ್ನ ಬ್ಲಾಕ್‌ಗಳ ನಕ್ಷೆಯನ್ನೂ ಆಗಾಗ ಬರೆದುಕೊಳ್ಳುತ್ತಿರುತ್ತದೆ. ಆ ನಕ್ಷೆಯ ನಡುವೆ ಕರೆಂಟು ಹೋದರೆ ಹಿಂದೆ ಎಂದೋ ಬರೆದದ್ದೂ ಕಾಣೆಯಾಗಬಹುದು.

ಒಂದು ವಿನಾಯಿತಿ ಹೇಳಬೇಕು. ಕರೆಂಟು ಹೋಗುವ ಸ್ವಲ್ಪ ಮೊದಲು ಉಳಿಸಿದ ಕಡತ ಸೊನ್ನೆ ಬೈಟ್ ಆಗಿದ್ದರೆ ಅರೇಯನ್ನು ದೂರಬೇಡಿ. ಅದನ್ನು ಬರೆದ ಪ್ರೋಗ್ರಾಂ ಎಫ್‌ಸಿಂಕ್ ಕರೆದೇ ಇರಲಾರದು. ಕೇಳದವರಿಗೆ ಯಾರೂ ಮಾತು ಕೊಟ್ಟಿಲ್ಲ.

ಮಿಸ್‌ಮ್ಯಾಚ್ ಎಣಿಕೆ ಸೊನ್ನೆಯಲ್ಲ

ಅರೇಗೆ ‘ಚೆಕ್’ ಕೊಟ್ಟಾಗ ಹೊಂದದ ಸೆಕ್ಟರ್‌ಗಳ ಎಣಿಕೆ ಬರುತ್ತದೆ. ರೇಡ್ 1 ಮತ್ತು 10ರಲ್ಲಿ, ಅದರಲ್ಲೂ ಸ್ವಾಪ್ (ಮೆಮೊರಿಯಿಂದ ಡಿಸ್ಕ್‌ಗೆ ಇಳಿಸಿದ ಪುಟಗಳ ಜಾಗ) ಇದ್ದರೆ, ಸಣ್ಣ ಸಂಖ್ಯೆಗೆ ಹೆದರಬೇಕಿಲ್ಲ. ಬರೆಯುತ್ತಿರುವಾಗಲೇ ಮೆಮೊರಿ ಬದಲಾದರೆ ಹೀಗಾಗುತ್ತದೆ. ರೇಡ್ 5 ಮತ್ತು 6ರಲ್ಲಿ ಅದು ಸೊನ್ನೆಯೇ ಆಗಿರಬೇಕು.

ಸೊನ್ನೆ ಮಾಡುವ ಆತುರದಲ್ಲಿ ‘ರಿಪೇರ್’ ಕೊಡಬೇಡಿ. ರಿಪೇರ್ ಮಾಡುವುದು ಇಷ್ಟೇ: ಡೇಟಾವನ್ನು ನಂಬಿ ಪ್ಯಾರಿಟಿಯನ್ನು ಬದಲಿಸುತ್ತದೆ. ಕೆಟ್ಟಿದ್ದು ಡೇಟಾ ಆಗಿದ್ದರೆ ಸಾಕ್ಷಿಯಾಗಿ ಉಳಿದಿದ್ದ ಪ್ಯಾರಿಟಿಯನ್ನೂ ಅಳಿಸಿದಂತಾಯಿತು. ಮೊದಲು ಬ್ಯಾಕಪ್ ಜೊತೆ ಹೋಲಿಕೆ, ಆಮೇಲೆ ರಿಪೇರ್. ಸೊನ್ನೆ ಎಂದರೆ ಹೊಂದಿಕೆ ಇದೆ ಎಂದು ಅರ್ಥ, ಸರಿಯಿದೆ ಎಂದಲ್ಲ.

ಹಾರ್ಡ್‌ವೇರ್ ಕಂಟ್ರೋಲರ್ ಇದ್ದರೆ

ಇಲ್ಲಿ ಕ್ಯಾಶ್ ಕಂಟ್ರೋಲರ್‌ನೊಳಗಿದೆ, ಬ್ಯಾಟರಿ ಅದನ್ನು ಕಾಯುತ್ತದೆ. ಹೊಸ ಮಾದರಿಗಳಲ್ಲಿ ಬ್ಯಾಟರಿಯ ಬದಲು ಸೂಪರ್‌ಕೆಪಾಸಿಟರ್. ಕರೆಂಟು ಹೋದ ಕೂಡಲೇ ಕ್ಯಾಶ್‌ನಲ್ಲಿದ್ದದ್ದನ್ನು ಫ್ಲ್ಯಾಶ್‌ಗೆ ನಕಲಿಸಿಬಿಡುತ್ತದೆ. ಬ್ಯಾಟರಿಯ ಮಾದರಿಯಾದರೆ ಕ್ಯಾಶ್ ಬದುಕುವುದು ಕೆಲವು ದಿನ ಮಾತ್ರ. ಕೆಟ್ಟ ಯಂತ್ರವನ್ನು ವಾರಗಟ್ಟಲೆ ಮೂಲೆಯಲ್ಲಿಟ್ಟು ಆಮೇಲೆ ನೋಡೋಣ ಎನ್ನುವ ಹಾಗಿಲ್ಲ.

ಎರಡು ಸಂಗತಿ ಕಡ್ಡಾಯವಾಗಿ ನೋಡಿ. ಬ್ಯಾಟರಿ ಕೆಟ್ಟಾಗ ಕಂಟ್ರೋಲರ್ ತಾನಾಗಿಯೇ ರೈಟ್ ಬ್ಯಾಕ್‌ನಿಂದ (ಕ್ಯಾಶ್‌ಗೆ ಬಂದ ಕೂಡಲೇ ‘ಬರೆದಾಯಿತು’ ಎನ್ನುವುದು) ರೈಟ್ ಥ್ರೂಗೆ (ಡಿಸ್ಕ್‌ಗೆ ಹೋದ ಮೇಲಷ್ಟೇ ಹಾಗೆನ್ನುವುದು) ಇಳಿಯಬೇಕು. ಯಂತ್ರ ಇದ್ದಕ್ಕಿದ್ದಂತೆ ನಿಧಾನವಾಯಿತು ಎಂಬ ದೂರಿನ ಹಿಂದೆ ಹಲವು ಸಲ ಇದೇ ಇರುತ್ತದೆ. ಆ ದೂರು ತಪ್ಪಿಸಲು ಯಾರಾದರೂ ‘ಬ್ಯಾಟರಿ ಕೆಟ್ಟಿದ್ದರೂ ರೈಟ್ ಬ್ಯಾಕ್’ ಎಂದು ಹೊಂದಿಸಿದ್ದರೆ ನಿಮ್ಮ ದೋಷ ಸಿಕ್ಕಿತು. ಇನ್ನೊಂದು, ಬ್ಯಾಟರಿ ಕಾಯುವುದು ಕಂಟ್ರೋಲರ್‌ನ ಕ್ಯಾಶ್ ಅನ್ನು ಮಾತ್ರ. ಅದರ ಹಿಂದಿರುವ ಡಿಸ್ಕ್‌ಗಳ ಸ್ವಂತ ಕ್ಯಾಶ್ ಚಾಲೂ ಇದ್ದರೆ ಅದಕ್ಕೆ ಆ ಬ್ಯಾಟರಿಯ ಆಸರೆ ಇಲ್ಲ.

ಎದ್ದ ಮೇಲೆ ಕಂಟ್ರೋಲರ್ ‘ಪ್ರಿಸರ್ವ್ಡ್ ಕ್ಯಾಶ್’ ಇದೆ, ಬಿಸಾಡಲೇ ಎಂದು ಕೇಳಿದರೆ ಹೂಂ ಎನ್ನಬೇಡಿ. ಡಿಸ್ಕ್ ಸಿಗದೆ ಬರೆಯಲಾಗದ ಡೇಟಾ ಅದು. ಸಡಿಲವಾದ ಕೇಬಲ್ ಸರಿಪಡಿಸಿ ಡಿಸ್ಕ್‌ಗಳನ್ನು ಮೊದಲು ಕಾಣಿಸಿದರೆ ಅದು ತನ್ನ ಜಾಗಕ್ಕೆ ಹೋಗಿ ಸೇರುತ್ತದೆ.

ತೂತು ಮುಚ್ಚುವುದು

ಎಂಡಿಯಲ್ಲಿ ಎರಡು ದಾರಿಗಳಿವೆ. ಕರ್ನಲ್ 4.4ರಿಂದ ಇರುವ ಜರ್ನಲ್ ವಿಧಾನದಲ್ಲಿ ಡೇಟಾ ಮತ್ತು ಪ್ಯಾರಿಟಿ ಎರಡೂ ಮೊದಲು ಒಂದು ಎಸ್‌ಎಸ್‌ಡಿಗೆ ಹೋಗಿ, ಆಮೇಲೆ ಅರೇಗೆ ಇಳಿಯುತ್ತವೆ. ಆ ಎಸ್‌ಎಸ್‌ಡಿಯಲ್ಲಿ ಕೆಪಾಸಿಟರ್ ಇರಲೇಬೇಕು. ಅದು ಸತ್ತರೆ ಅರೇ ಓದಲು ಮಾತ್ರ ಎಂಬ ಸ್ಥಿತಿಗೆ ಹೋಗುತ್ತದೆ. ಕರ್ನಲ್ 4.12ರಲ್ಲಿ ಬಂದ ಪಿಪಿಎಲ್, ಅಂದರೆ ಭಾಗಶಃ ಪ್ಯಾರಿಟಿಯ ಲಾಗ್, ಬೇರೆ ಡಿಸ್ಕ್ ಕೇಳುವುದಿಲ್ಲ. ಸದಸ್ಯ ಡಿಸ್ಕ್‌ಗಳಲ್ಲೇ ಚಿಕ್ಕ ಜಾಗ ಹಿಡಿದು, ಬರಹಕ್ಕೆ ಮುನ್ನ ಆ ಸ್ಟ್ರೈಪ್‌ನಲ್ಲಿ ಬದಲಾಗದ ಡೇಟಾದ ಎಕ್ಸಾರ್ (ಪ್ಯಾರಿಟಿಗೆ ಮಾಡಿದ್ದೇ ಲೆಕ್ಕ) ಬರೆದಿಡುತ್ತದೆ. ಮೇಲಿನ ಉದಾಹರಣೆಯಲ್ಲಿ ಅದು 0011. ಸತ್ತದ್ದು ಎರಡನೆಯ ಡಿಸ್ಕ್ ಆದರೂ ಉತ್ತರ ಕೈಯಲ್ಲೇ ಇರುತ್ತದೆ. ಬರಹದ ವೇಗ 30ರಿಂದ 40 ಶೇಕಡಾದವರೆಗೆ ಕುಸಿಯಬಹುದು. ಇದು ರೇಡ್ 5ಕ್ಕೆ ಮಾತ್ರ, ಮತ್ತು ಬಿಟ್‌ಮ್ಯಾಪ್ ಜೊತೆ ಇರಲಾರದು. ಮೊದಲು ಅದನ್ನು ತೆಗೆದೇ ಪಿಪಿಎಲ್ ಹಾಕಬೇಕು. ಅರ್ಧಕ್ಕೆ ನಿಂತ ಹೊಸ ಬರಹವನ್ನು ಉಳಿಸುವುದು ಅದರ ಕೆಲಸವಲ್ಲ, ಹಳೆಯದನ್ನು ಕಾಯುವುದಷ್ಟೇ. ಮಧ್ಯಮ ಹೊರೆಯ ಅರೇಗಳಿಗೆ ನನ್ನ ಆಯ್ಕೆ ಇದೇ.

ಜೆಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಂ ಹಳೆಯ ಬ್ಲಾಕ್‌ನ ಮೇಲೆ ಬರೆಯುವುದೇ ಇಲ್ಲ. ಹೊಸ ಜಾಗಕ್ಕೆ ಬರೆದು, ಎಲ್ಲ ಮುಗಿದ ಮೇಲೆ ಗುರುತು ಬದಲಿಸುತ್ತದೆ. ಹೀಗಾಗಿ ತೂತು ಹುಟ್ಟುವ ಪ್ರಶ್ನೆಯಿಲ್ಲ. ಆದರೆ ಸುಳ್ಳು ಹೇಳುವ ಡಿಸ್ಕ್ ಅದನ್ನೂ ಕೆಡವಬಲ್ಲದು, ಡೇಟಾಕ್ಕಿಂತ ಮೊದಲು ಗುರುತು ಬಿದ್ದರೆ ಸಾಕು. ಬಿಟಿಆರ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್ ಸಿಸ್ಟಂನ ರೇಡ್ 5 ಮತ್ತು 6ರ ಬಗ್ಗೆ ಅದನ್ನು ಕಟ್ಟಿದವರೇ ಎಚ್ಚರಿಸಿದ್ದಾರೆ. ನಾನು ಸೇರಿಸಬೇಕಾದದ್ದು ಏನೂ ಇಲ್ಲ.

ಯುಪಿಎಸ್ ಬೇಕೇ ಬೇಕು, ಆದರೆ ಯಂತ್ರಕ್ಕೆ ಅದರ ಡೇಟಾ ಕೇಬಲ್ ಜೋಡಿಸದಿದ್ದರೆ ಅದು ಅಪಘಾತವನ್ನು ಹತ್ತು ನಿಮಿಷ ಮುಂದೂಡುವ ಪೆಟ್ಟಿಗೆ, ಅಷ್ಟೇ. ಯಂತ್ರ ಪೂರ್ತಿ ಆರಲು ಎಷ್ಟು ಹೊತ್ತು ಬೇಕು ಎಂದು ಗಡಿಯಾರ ಹಿಡಿದು ಅಳೆಯಿರಿ. ವರ್ಚುವಲ್ ಯಂತ್ರಗಳೆಲ್ಲ ಆರಲು ನಾಲ್ಕು ನಿಮಿಷ ಬೇಕಾಗಿ, ಬ್ಯಾಟರಿ ಮೂರು ನಿಮಿಷಕ್ಕೆ ಕೈಚೆಲ್ಲಿದ್ದನ್ನು ಕಂಡಿದ್ದೇನೆ. ಹೊಸದಾಗಿದ್ದಾಗ ಅದೇ ಬ್ಯಾಟರಿ ಎಂಟು ನಿಮಿಷ ಎಳೆಯುತ್ತಿತ್ತು. ಯುಪಿಎಸ್ ಇದ್ದೂ ಕರೆಂಟು ಹೋದ ಕ್ಷಣದಲ್ಲೇ ಯಂತ್ರ ಮತ್ತೆ ಶುರುವಾಗುತ್ತಿದ್ದರೆ ಪವರ್ ಸಪ್ಲೈಯನ್ನು ಅನುಮಾನಿಸಿ. ಯುಪಿಎಸ್ ಬ್ಯಾಟರಿಗೆ ಹೊರಳುವ ಕೆಲವು ಮಿಲಿಸೆಕೆಂಡು ಅದು ತನ್ನ ಕೆಪಾಸಿಟರ್‌ಗಳ ಮೇಲೆ ಬದುಕಬೇಕು. ಹೊಸದು ಸುಮಾರು 16 ಮಿಲಿಸೆಕೆಂಡು ತಡೆಯುತ್ತದೆ, ಕೆಪಾಸಿಟರ್ ಒಣಗಿದ ಹಳೆಯದು ತಡೆಯುವುದಿಲ್ಲ.

ಪ್ಲಗ್ ಎಳೆದು ನೋಡುವುದು

ಹೊಸ ಅರೇಗೆ ಅಸಲು ಡೇಟಾ ತುಂಬುವ ಮೊದಲು ನಾನು ಈಗ ಈ ಪರೀಕ್ಷೆ ಮಾಡುತ್ತೇನೆ. ಅರೇಯಿರುವ ಯಂತ್ರದಲ್ಲಿ ಒಂದು ಪುಟ್ಟ ಪ್ರೋಗ್ರಾಂ 1, 2, 3 ಎಂದು ಏರುವ ಸಂಖ್ಯೆಗಳನ್ನು ಬರೆಯುತ್ತ, ಪ್ರತಿಯೊಂದಕ್ಕೂ ಎಫ್‌ಸಿಂಕ್ ಮಾಡಿ, ‘ಬರೆದಾಯಿತು’ ಎಂಬ ಉತ್ತರ ಬಂದ ಮೇಲೆ ಮಾತ್ರ ಆ ಸಂಖ್ಯೆಯನ್ನು ನೆಟ್‌ವರ್ಕ್ ಮೂಲಕ ಎರಡನೆಯ ಯಂತ್ರಕ್ಕೆ ಕಳಿಸುತ್ತದೆ. ನಡುವೆ ಪ್ಲಗ್ ಎಳೆಯುತ್ತೇನೆ. ಸ್ವಿಚ್ ಒತ್ತುವುದಲ್ಲ, ರೀಸೆಟ್ ಅಲ್ಲ, ಗೋಡೆಯಿಂದ ಪ್ಲಗ್. ಎದ್ದ ಮೇಲೆ ಅರೇಯಲ್ಲಿರುವ ಕೊನೆಯ ಸಂಖ್ಯೆಯನ್ನು ಎರಡನೆಯ ಯಂತ್ರದ ಕೊನೆಯ ಸಂಖ್ಯೆಯ ಜೊತೆ ಹೋಲಿಸುತ್ತೇನೆ. ಅರೇಯದು ಒಂದು ಹೆಚ್ಚಿದ್ದರೆ ಸರಿ. ಬರೆದು, ಕಳಿಸುವ ಮೊದಲು ಆರಿತು. ಒಂದೇ ಒಂದು ಕಡಿಮೆಯಿದ್ದರೂ ಸರಿಯಲ್ಲ.

ಒಮ್ಮೆ ಸರಿಬಂದರೆ ಸಾಲದು, ಇಪ್ಪತ್ತು ಸಲವಾದರೂ ಎಳೆಯಬೇಕು. ಕಳೆದ ಸಲ ಹೊಸ ಎಸ್‌ಎಸ್‌ಡಿಗಳ ಜೋಡಿಯೊಂದರಲ್ಲಿ ಹದಿಮೂರು ಸಲ ಎಲ್ಲವೂ ಹೊಂದಿತು. ಹದಿನಾಲ್ಕನೆಯ ಸಲ ಎರಡನೆಯ ಯಂತ್ರದಲ್ಲಿ 48,210 ಇತ್ತು, ಅರೇಯಲ್ಲಿ 48,177. ಆ ಜೋಡಿಯನ್ನು ಬಿಚ್ಚಿ, ಮತ್ತೆ ಹುಟ್ಟಿಸಬಹುದಾದ ತಾತ್ಕಾಲಿಕ ಕಡತಗಳಿಗೆಂದು ಬೇರೆ ಯಂತ್ರಕ್ಕೆ ಹಾಕಿದೆ.